ದೋಸೆ ಹಿಟ್ಟಿನ ವಾಸನೆ

ಆ ಶುಕ್ರವಾರ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಕರೆಂಟ್ ಹೋಯಿತು. ಎ.ಸಿ. ನಿಂತಾಗ ಕುವೈತಿನ ಮನೆಗಳೊಳಗೆ ಒಂದು ವಿಚಿತ್ರ ಮೌನ ಬಂದು ಕೂರುತ್ತದೆ. ಆ ಬೇಸಿಗೆಯಲ್ಲಿ ಸರದಿಯ ಪ್ರಕಾರ ಒಂದೊಂದು ಬಡಾವಣೆಯ ಕರೆಂಟ್ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಬಂದುಬಿಡುತ್ತದೆಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಹಾಲ್‌ನಲ್ಲಿ ಕೂತಿದ್ದ ಗಂಡಸರು ಏನೋ ತಮಾಷೆ ಮಾಡಿ ನಕ್ಕರು. ಅಡುಗೆಮನೆಯಲ್ಲಿ ಮನೆಯೊಡತಿ ಕಾಕೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಪಕ್ಕದ, ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ಎರಡು ಪ್ಲಾಸ್ಟಿಕ್ ಬ್ಯಾರೆಲ್‌ಗಳ ತುಂಬ ಮನೆಯಲ್ಲೇ ಮಾಡಿದ ಬಿಯರ್ ಇತ್ತು. ಆ ಕೋಣೆ ಕಾಯತೊಡಗಿದ್ದು ಆ ನಗುವಿನ ಹೊತ್ತಿಗೇ ಎಂದು ಈಗ ಲೆಕ್ಕ ಹಾಕುತ್ತೇನೆ.

ಆ ಮನೆಯ ಯಜಮಾನರು ಕಳೆದ ತಿಂಗಳು ಧಾರವಾಡದಲ್ಲಿ ತೀರಿಕೊಂಡರು. ಸುದ್ದಿ ಬಂದ ತಕ್ಷಣ ಇಲ್ಲಿನ ನಮ್ಮ ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ‘ಇಂಥ ದೊಡ್ಡ ಮನಸ್ಸಿನವರು ಮತ್ತೆ ನಮ್ಮ ನಡುವೆ ಹುಟ್ಟಿ ಬರಲಿ’ ಎಂದು ಸಂಘದ ಕಾರ್ಯದರ್ಶಿ ಬರೆದರು. ಹಿಂದೆ ಆ ಯಜಮಾನರನ್ನು ಅದೇ ಗುಂಪಿನಿಂದ ತೆಗೆದುಹಾಕಿದ್ದವರೂ ಈ ಕಾರ್ಯದರ್ಶಿಯೇ. ನಾನು ಏನೂ ಬರೆಯಲಿಲ್ಲ. ಕೈಮುಗಿಯಬೇಕೆಂದು ಅನಿಸಿತು, ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅರ್ಧ ಸಿಟ್ಟು ಉಳಿದವರ ಮೇಲೆ. ಇನ್ನರ್ಧ ಸತ್ತವರ ಮೇಲೆಯೇ.

ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕೂ. ತುಮಕೂರಿನವಳಾದ ನನ್ನ ನಾಲಿಗೆಗೆ ಆ ಪದಗಳು ಹೊಂದಿಕೊಳ್ಳಲು ಸ್ವಲ್ಪ ಕಾಲ ಬೇಕಾಯಿತು. ಫಹಾಹೀಲ್ ಹತ್ತಿರದ ಒಂದು ಕಟ್ಟಡದ ಏಳನೆಯ ಮಹಡಿಯಲ್ಲಿ ಅವರ ಬಾಗಿಲು ಮತ್ತು ನಮ್ಮ ಬಾಗಿಲು ಎದುರುಬದುರು. ನಾನು ಇಲ್ಲಿನ ಒಂದು ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ನನ್ನ ಗಂಡ ಬ್ಯಾಂಕಿನಲ್ಲಿದ್ದಾರೆ. ಒಬ್ಬಳೇ ಮಗಳು, ಆ ಬೇಸಿಗೆ ರಜೆಗೆ ತುಮಕೂರಿನಲ್ಲಿದ್ದಳು.

ಕಾಕಾ ಶುಐಬಾದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿ ಅವರಿಗೆ ಒಂದೇ ಕೆಲಸ, ಸೇಫ್ಟಿ ವಾಲ್ವ್. ಟ್ಯಾಂಕುಗಳಲ್ಲಿ, ಪೈಪುಗಳಲ್ಲಿ ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಂಡು ಗಾಳಿಯನ್ನೋ ಹಬೆಯನ್ನೋ ಹೊರಬಿಡುವ ವಾಲ್ವ್ ಅದು. ಪ್ರತಿಯೊಂದನ್ನೂ ಬಿಚ್ಚಿ ತಂದು, ಬೆಂಚಿನ ಮೇಲಿಟ್ಟು ಪರೀಕ್ಷೆ ಮಾಡಿ, ಯಾರೂ ಕೈಯಾಡಿಸದಂತೆ ಸೀಸದ ಮುದ್ರೆ ಹಾಕಿ ಕಳಿಸುವುದು. ಆ ಮುದ್ರೆ ಒಡೆದವನಿಗೆ ಮರುದಿನ ಕೆಲಸವಿಲ್ಲ. ಒಮ್ಮೆ ಯಾವುದೋ ಅವಸರದಲ್ಲಿ ಮೇಲಧಿಕಾರಿಯೊಬ್ಬ ಒಂದು ವಾಲ್ವನ್ನು ಮುಚ್ಚಿ ಯಂತ್ರ ನಡೆಸಲು ಹೇಳಿದನಂತೆ. ಕಾಕಾ ಹೋಗಿ ಆ ಪೈಪಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತರಂತೆ. ‘ಯಲ್ಲಾ, ನಡಸ್ರಿ. ಹಾರಿದ್ರ ನಾನೂ ನಿಮ್ಮ ಜೋಡಿ ಹಾರತೇನಿ’ ಎಂದರಂತೆ. ಯಂತ್ರ ನಿಂತಿತು. ಕಾಕಾನ ಬಡ್ತಿಯೂ ನಿಂತಿತು. ಈ ಕಥೆಯನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ಕಾಕೂ ಒಳಗಿನಿಂದಲೇ, ‘ಕುರ್ಚಿ ಬಂತೇನು ಇನ್ನೂ?’ ಎಂದು ಕೇಳುತ್ತಿದ್ದರು.

ಅವರಿಗೆ ಒಂದು ಚಾಳಿಯಿತ್ತು. ಮುಚ್ಚಿದ ಯಾವ ಪಾತ್ರೆ ಕಂಡರೂ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುವುದು. ಗ್ಯಾಸ್ ಸಿಲಿಂಡರ್, ನೀರಿನ ಟ್ಯಾಂಕ್, ಕಲ್ಲಂಗಡಿ, ಎಲ್ಲವನ್ನೂ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಅಡುಗೆಮನೆಗೆ ನುಗ್ಗಿ ಕುಕ್ಕರಿನ ಮುಚ್ಚಳ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಪ್ರತಿ ರಜೆಗೂ ಹುಬ್ಬಳ್ಳಿಯಿಂದ ಒಂದು ಪೊಟ್ಟಣದ ತುಂಬ ಕುಕ್ಕರ್ ವಾಲ್ವ್‌ಗಳನ್ನೂ ರಬ್ಬರುಗಳನ್ನೂ ತಂದು, ಮನೆಮನೆಗೆ ಹೋಗಿ ತಾವೇ ಹಾಕಿಕೊಡುತ್ತಿದ್ದರು. ಬೇಡವೆಂದರೂ ಬಿಡುತ್ತಿರಲಿಲ್ಲ. ನನ್ನ ಕುಕ್ಕರಿಗೆ ಮೊದಲ ಸಲ ವಾಲ್ವ್ ಹಾಕಿದಾಗ ಹೇಳಿದ್ದರು: ‘ಒಳಗಿಂದು ಹೊರಗ ಹೋಗಾಕ ಒಂದರ ಹಾದಿ ಇರಬೇಕ ನೋಡ, ತಂಗಿ. ಇಲ್ಲಂದ್ರ ಅದ ಹಾದಿ ಮಾಡಕೋತದ.’

ಇಷ್ಟು ಹೇಳಿದರೆ ಅವರು ತುಂಬ ಒಳ್ಳೆಯವರು ಎನ್ನಿಸುತ್ತದೆ. ಒಳ್ಳೆಯವರೇ. ಆದರೆ ಅವರಿಗೆ ಜಂಭವೂ ಇತ್ತು. ತಾವು ಮಾಡಿದ್ದನ್ನು ಯಾರಾದರೂ ಹೊಗಳದಿದ್ದರೆ ಮುಖ ಸಣ್ಣದಾಗುತ್ತಿತ್ತು. ಹೆಂಡತಿಯ ಮಾತನ್ನು ಅರ್ಧಕ್ಕೇ ತುಂಡರಿಸುತ್ತಿದ್ದರು. ತಮಗೆ ಗೊತ್ತಿರುವ ವಿಷಯದಲ್ಲಿ ಇನ್ನೊಬ್ಬರು ಎಚ್ಚರಿಕೆ ಹೇಳಿದರೆ, ‘ನಾ ಅದೀನಲ್ಲ’ ಎಂದು ಕೈ ಎತ್ತುತ್ತಿದ್ದರು. ಆ ಎತ್ತಿದ ಕೈಯ ಮುಂದೆ ಮಾತು ಮುಗಿದುಹೋಗುತ್ತಿತ್ತು.

ಈ ದೇಶದಲ್ಲಿ ಮದ್ಯ ನಿಷೇಧ. ಕುಡಿಯುವುದು, ಮಾಡುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಸಿಕ್ಕಿಬಿದ್ದರೆ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದಾಗುತ್ತದೆ, ಗಡೀಪಾರಾಗುತ್ತದೆ, ಮತ್ತೆ ಈ ನೆಲಕ್ಕೆ ಕಾಲಿಡುವಂತಿಲ್ಲ. ಕಟ್ಟಿಕೊಂಡ ಬದುಕೆಲ್ಲ ಒಂದು ಸೂಟ್‌ಕೇಸಿಗೆ ಇಳಿಯುತ್ತದೆ. ಇದು ಎಲ್ಲರಿಗೂ ಗೊತ್ತು. ಹಾಗಿದ್ದೂ ಮಾಲ್ಟ್ ಪಾನೀಯಕ್ಕೆ ಸಕ್ಕರೆ, ಯೀಸ್ಟ್ ಹಾಕಿ ಮನೆಯಲ್ಲಿ ಹುಳಿ ಬರಿಸಿಕೊಳ್ಳುವವರು ಇದ್ದಾರೆ. ಹೆಚ್ಚಿನವರು ಅದನ್ನು ನೀರಿನ ಬಾಟಲಿಗಳಲ್ಲಿ ತುಂಬಿಟ್ಟು, ಗಸಿ ಸಮೇತ ಕುಡಿದು, ಮರುದಿನ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಕಾಕಾಗೆ ಅದು ಅಸಹ್ಯ. ಅವರಿಗೆ ಬೇಕಾದದ್ದು ನಲ್ಲಿ ತಿರುಗಿಸಿದರೆ ಲೋಟಕ್ಕೆ ತಿಳಿಯಾಗಿ ಇಳಿದು, ಮೇಲೆ ಬೆರಳು ದಪ್ಪದ ನೊರೆ ನಿಲ್ಲುವ ಬಿಯರ್. ಕುಡಿಯುತ್ತಿದ್ದದ್ದು ಒಂದೇ ಲೋಟ. ಬಡಿಸುವುದೇ ಅವರ ಹಬ್ಬ.

ಸ್ಕಾಟ್‌ಲೆಂಡಿನ ಸಹೋದ್ಯೋಗಿಯೊಬ್ಬ ನಿವೃತ್ತನಾಗಿ ಹೋಗುವಾಗ ಅವರಿಗೊಂದು ಬ್ಯಾರೆಲ್ ಬಿಟ್ಟುಹೋಗಿದ್ದ. ಮನೆಯಲ್ಲಿ ಬಿಯರ್ ಮಾಡುವವರಿಗೆಂದೇ ಆ ಕಡೆ ಮಾರುವ, ಒತ್ತಡ ತಡೆಯುವ ಕಂದು ಬಣ್ಣದ ದಪ್ಪ ಪ್ಲಾಸ್ಟಿಕ್ ಪೀಪಾಯಿ ಅದು. ಮೇಲೆ ತಿರುಚುವ ದೊಡ್ಡ ಮುಚ್ಚಳ, ಬುಡದಲ್ಲೊಂದು ನಲ್ಲಿ. ಕಾಕಾ ಅದನ್ನು ಹಾಗೆಯೇ ಬಳಸುವವರೇ? ಬುಡದ ನಲ್ಲಿಯಿಂದ ಗಸಿ ಬರುತ್ತದೆಂದು ಆ ತೂತು ಮುಚ್ಚಿದರು. ಮೇಲ್ಭಾಗದಲ್ಲಿ ಹೊಸ ನಲ್ಲಿ ಕೂರಿಸಿ, ಒಳಗೆ ಒಂದು ಮೆತ್ತನೆಯ ಕೊಳವೆ ಇಳಿಬಿಟ್ಟು, ಅದರ ತುದಿಗೆ ತೇಲುವ ಬಿರಡೆ ಕಟ್ಟಿದರು. ‘ಮ್ಯಾಲಿನ ತಿಳಿ ಕುಡೀರಿ. ತಳದಾಗಿಂದು ಕುಡ್ಯಾಕ ನಾವೇನ್ ಎಮ್ಮೀನಾ?’ ಗ್ಯಾಸ್ ತುಂಬುವ ಚಿಕ್ಕ ಗುಂಡುಗಳು ಇಲ್ಲಿ ಸಿಗುವುದಿಲ್ಲವೆಂದು ಮುಚ್ಚಳಕ್ಕೆ ಕಾರಿನ ಟೈರಿನ ವಾಲ್ವ್ ಜೋಡಿಸಿ, ಸೋಡಾ ಯಂತ್ರದ ಸಿಲಿಂಡರಿನಿಂದ ಗ್ಯಾಸ್ ಬಿಡುವ ಹಾಗೆ ಮಾಡಿದರು. ಪಕ್ಕದಲ್ಲಿ ಒತ್ತಡ ತೋರಿಸುವ ಒಂದು ಪುಟ್ಟ ಗೇಜು. ಆಮೇಲೆ ಸಬ್ಹಾನ್‌ನ ಒಂದು ಗೋದಾಮಿನಿಂದ ಆಲಿವ್ ಉಪ್ಪಿನಕಾಯಿ ಬರುವ ಡ್ರಮ್ಮೊಂದನ್ನು ತಂದು ಅದಕ್ಕೂ ಇದೇ ಸಂಸ್ಕಾರ ಮಾಡಿದರು. ಆ ಡ್ರಮ್ಮಿನ ಮೊದಲ ಬಿಯರ್ ಪೂರ್ತಿ ಉಪ್ಪಿನಕಾಯಿಯ ರುಚಿ. ಅದನ್ನೂ ಸಂಘದ ಕಾರ್ಯದರ್ಶಿ ಮೂರು ಲೋಟ ಕುಡಿದು, ಯುರೋಪಿನಲ್ಲಿ ಹೀಗೇ ಇರುತ್ತದೆ ಎಂದರು.

ಸ್ಕಾಟ್‌ಲೆಂಡಿನ ಬ್ಯಾರೆಲ್ಲಿನ ಮುಚ್ಚಳದಲ್ಲಿ ತಯಾರಕರೇ ಇಟ್ಟ ಒಂದು ಉಪಾಯವಿತ್ತು. ಗ್ಯಾಸಿನ ಬಾಯಿಯ ಸುತ್ತ ಒಂದು ರಬ್ಬರ್ ಪಟ್ಟಿ. ಒಳಗೆ ಒತ್ತಡ ಹೆಚ್ಚಾದರೆ ಆ ಪಟ್ಟಿ ಸಡಿಲಗೊಂಡು ಸುಯ್ಯೆಂದು ಹೊರಬಿಡುತ್ತಿತ್ತು. ಕಾಕಾಗೆ ಅದು ತುಂಬ ಇಷ್ಟ. ‘ಎರಡ ಪೈಸೆದ ರಬ್ಬರ್, ನಮ್ಮ ಕಾರ್ಖಾನಿ ವಾಲ್ವ್ ಮಾಡೋ ಕೆಲಸಾ ಮಾಡತದ’ ಎನ್ನುತ್ತಿದ್ದರು. ಆಲಿವ್ ಡ್ರಮ್ಮಿಗೂ ಅಂಥದ್ದೇ ಒಂದನ್ನು ಮಾಡಿ ಹಾಕಿದ್ದರು.

ತೊಂದರೆಯೆಂದರೆ, ಸುಯ್ಯೆಂದಾಗಲೆಲ್ಲ ವಾಸನೆ ಬರುತ್ತಿತ್ತು. ಸ್ಟೋರಿನ ಗಾಳಿ ಹೋಗುವ ಕೊಳವೆ ಕೆಳಗಿನ ಮನೆಗಳ ಬಚ್ಚಲಿಗೂ ಸೇರಿತ್ತು. ಕೆಳಮನೆಯವರು ದೂರು ಹೇಳಿದರೆಂದು ಒಂದು ದಿನ ಕಟ್ಟಡದ ಕಾವಲುಗಾರ, ನಾವು ಹಾರಿಸ್ ಎಂದು ಕರೆಯುವ ಈಜಿಪ್ಟಿನ ಮನುಷ್ಯ, ಮೇಲೆ ಬಂದು ಬಾಗಿಲು ತಟ್ಟಿದ. ನಾನು ಅಲ್ಲೇ ಇದ್ದೆ. ಕಾಕಾ ಕಣ್ಣು ಮಿಟುಕಿಸದೆ ಫ್ರಿಡ್ಜಿನ ಪಕ್ಕದಲ್ಲಿದ್ದ ದೋಸೆ ಹಿಟ್ಟಿನ ಪಾತ್ರೆ ತಂದು ಅವನ ಮೂಗಿಗೆ ಹಿಡಿದು, ನಮ್ಮ ಊಟ ಹೀಗೇ ಹುಳಿ ಬರಬೇಕು ಎಂದು ಹಿಂದಿ, ಅರಬ್ಬಿ ಬೆರೆಸಿ ವಿವರಿಸಿದರು. ಕಾಕೂ ಕಾವಲಿ ಇಟ್ಟು ಎರಡು ದೋಸೆ ಹೊಯ್ದು ಕೊಟ್ಟರು. ಅವನು ನಿಂತೇ ತಿಂದು, ಬಾಯಿ ಒರೆಸಿಕೊಂಡು ಹೋದ. ಅಂದಿನಿಂದ ಅವನಿಗೆ ವಾರಕ್ಕೊಮ್ಮೆ ದೋಸೆ ಹೋಗುತ್ತಿತ್ತು. ಗಂಡಸರಿಗೆ ಇದೊಂದು ದೊಡ್ಡ ಹಾಸ್ಯವಾಯಿತು. ಶುಕ್ರವಾರಕ್ಕೆ ಫೋನಿನಲ್ಲಿ ‘ಹಿಟ್ಟು ಹುದುಗು ಬಂತಾ ಕಾಕಾ?’ ಎಂದು ಕೇಳಿಕೊಂಡು ಬರುತ್ತಿದ್ದರು.

ಆದರೆ ಕಾಕಾ ಒಳಗೊಳಗೇ ಹೆದರಿದ್ದರು. ಹೆದರಿದ್ದೇನೆಂದು ಹೇಳಿಕೊಳ್ಳುವ ಜಾತಿಯಲ್ಲ ಅವರದು. ಕೆಲವು ದಿನಗಳ ನಂತರ ನಮ್ಮನ್ನೆಲ್ಲ ಸ್ಟೋರಿಗೆ ಕರೆದು ತೋರಿಸಿದರು. ಎರಡು ಮುಚ್ಚಳಗಳ ರಬ್ಬರ್ ಪಟ್ಟಿಗಳ ಮೇಲೂ ಒಂದೊಂದು ಸ್ಟೀಲ್ ಕ್ಲಿಪ್ಪು, ಹೊಲಿಗೆ ಹಾಕಿದ ಹಾಗೆ ಬಿಗಿಯಾಗಿ. ಇನ್ನು ಮೇಲೆ ವಾಸನೆ ಬರುವುದಿಲ್ಲ ಎಂದರು. ಸೀಸದ ಮುದ್ರೆಗಾಗಿ ಕುರ್ಚಿ ಹಾಕಿಕೊಂಡು ಕೂತ ಮನುಷ್ಯ ಹೇಳಿದ ಮಾತು ಇದು. ಒತ್ತಡ ಹೆಚ್ಚಾದರೆ, ಎಂದು ನಾನು ಕೇಳಿದೆ. ಬಿಸಿಗೆ ಗ್ಯಾಸು ಹಿಗ್ಗುತ್ತದೆಂದು ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವವಳು ನಾನು. ಕಾಕಾ ಗೇಜನ್ನು ಬೆರಳಿನಿಂದ ತಟ್ಟಿದರು.

‘ಎ.ಸಿ. ಐತಿ, ಗೇಜ್ ಐತಿ, ನಾ ಅದೀನಿ. ಇನ್ನೇನ್ ಬೇಕ, ತಂಗಿ?’

ಕೈ ಎತ್ತಿದರು. ಮಾತು ಮುಗಿಯಿತು.

ಆ ಶುಕ್ರವಾರ ಕರೆಂಟ್ ಸ್ವಲ್ಪ ಹೊತ್ತಿನಲ್ಲಿ ಬರಲಿಲ್ಲ. ಹೊರಗೆ ಜುಲೈ ತಿಂಗಳ ಬಿಸಿಲು. ಗಂಡಸರು ಮೊದಲ ಲೋಟ ಮುಗಿಸಿ, ಅಂಗಿಯ ಗುಂಡಿ ಬಿಚ್ಚಿ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಕಾರ್ಯದರ್ಶಿ, ಅವರ ಇಬ್ಬರು ಗೆಳೆಯರು, ನನ್ನ ಗಂಡ, ಕಾಕಾ. ಜೋಳದ ಹಿಟ್ಟು ತರಲು ಕಾಕೂ ನನ್ನನ್ನು ಸ್ಟೋರಿಗೆ ಕಳಿಸಿದರು. ನಾನು ಮೊಬೈಲಿನ ಬೆಳಕು ಹಿಡಿದು ಒಳಗೆ ಹೋದೆ. ಒಲೆಯ ಮುಂದೆ ನಿಂತಷ್ಟು ಸೆಕೆ. ಹಿಟ್ಟಿನ ಡಬ್ಬಕ್ಕೆ ಕೈ ಹಾಕುವಾಗ ಏನೋ ಸರಿಯಿಲ್ಲ ಅನ್ನಿಸಿತು. ಸ್ಕಾಟ್‌ಲೆಂಡಿನ ಬ್ಯಾರೆಲ್ ವಾಲಿತ್ತು. ಅದರ ತಳ ಹೊಟ್ಟೆಯ ಹಾಗೆ ಉಬ್ಬಿ, ಬ್ಯಾರೆಲ್ ನೆಲದ ಮೇಲೆ ನಿಲ್ಲಲಾರದೆ ಒಂದು ಬದಿಗೆ ಓರೆಯಾಗಿತ್ತು. ನಾನು ಅದನ್ನು ನೆಟ್ಟಗೆ ನಿಲ್ಲಿಸಲು ಕೈ ಚಾಚಿದೆ. ಮುಟ್ಟಿದೆ. ಪ್ಲಾಸ್ಟಿಕ್ ಕಲ್ಲಿನಂತೆ ಗಟ್ಟಿಯಾಗಿತ್ತು. ಆ ಸ್ಪರ್ಶ ಇವತ್ತಿಗೂ ನನ್ನ ಅಂಗೈಯಲ್ಲಿದೆ. ಪಾಠ ಮಾಡುವಾಗ, ಕಾರಿನ ಸ್ಟೀರಿಂಗ್ ಹಿಡಿದಾಗ, ಯಾವ ಕಾರಣವೂ ಇಲ್ಲದೆ ಅದು ಬಂದು ಕೂರುತ್ತದೆ.

ನಾನು ಕೂಗಲಿಲ್ಲ. ಕಾಕಾ, ಇದು ಯಾಕೋ ಓರೆಯಾಗಿದೆ ನೋಡಿ, ಎಂದು ಮಾಮೂಲಿ ದನಿಯಲ್ಲೇ ಹೇಳಿದೆ. ಅವರು ಬಂದು ಬಾಗಿಲಲ್ಲಿ ನಿಂತು ನೋಡಿದರು. ತಟ್ಟಲಿಲ್ಲ. ಅವರು ತಟ್ಟದೆ ಬಿಟ್ಟ ಪಾತ್ರೆಯನ್ನು ನಾನು ಕಂಡದ್ದು ಅದೊಂದೇ. ನನ್ನ ತೋಳು ಹಿಡಿದು ಹೊರಗೆ ಎಳೆದರು, ಡಬ್ಬ ಬಿದ್ದು ಹಿಟ್ಟು ಚೆಲ್ಲಿತು. ‘ಇಕೀನ ಕರಕೊಂಡು ಹೊರಗ ನಡಿ’ ಎಂದು ಕಾಕೂಗೆ ಹೇಳಿ, ಗೋಡೆಯ ಮೊಳೆಯಲ್ಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಕ್ಲಿಪ್ಪನ್ನು ಸಡಿಲಿಸಲು ಹೋದರೆಂದು ಆಮೇಲೆ ತಿಳಿಯಿತು.

ಸದ್ದು ನಾನು ಊಹಿಸಿದಂತಿರಲಿಲ್ಲ. ದಪ್ಪ, ಮೊಂಡು ಸದ್ದು. ಬಾಗಿಲು ಚೌಕಟ್ಟಿನಲ್ಲೇ ಅದುರಿತು. ಅದರ ಕೆಳಗಿನಿಂದ ನೊರೆ ಹರಿದು ಬಂದು ನೆಲಕ್ಕೆ ಬಿದ್ದಿದ್ದ ಹಿಟ್ಟನ್ನು ಕಲಸಿತು. ನನ್ನ ಗಂಡ ಬಾಗಿಲು ತಳ್ಳಿದಾಗ ಕಾಕಾ ಗೋಡೆಗೆ ಒರಗಿ ಕೂತಿದ್ದರು. ಹಾರಿದ ಮುಚ್ಚಳ ಅವರ ಬಲಗಣ್ಣಿಗೂ ಕೆನ್ನೆಗೂ ಹೊಡೆದಿತ್ತು. ರಕ್ತ ಬಿಯರಿನ ಜೊತೆ ತೆಳ್ಳಗಾಗಿ ಅಂಗಿಯ ಮೇಲೆ ಇಳಿಯುತ್ತಿತ್ತು. ಮನೆಯ ತುಂಬ ವಾಸನೆ. ಅಷ್ಟು ದಿನ ಕಟ್ಟಿಹಾಕಿದ್ದ ವಾಸನೆಯೆಲ್ಲ ಒಂದೇ ಸಲ ಬಿಟ್ಟುಕೊಂಡಂತೆ.

ಅಂಬುಲೆನ್ಸ್ ಕರೆಯಿರಿ ಎಂದೆ. ಕಾರ್ಯದರ್ಶಿ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

‘ಮೇಡಮ್, ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಿ. ಅಂಬುಲೆನ್ಸ್ ಬಂದ್ರೆ ಹಿಂದೇನೇ ಪೊಲೀಸ್ ಬರುತ್ತೆ. ಎಲ್ಲರಿಗೂ ಫ್ಯಾಮಿಲಿ ಇದೆ. ನಾನು ಕೆಳಗೆ ಕಾರ್ ರೆಡಿ ಮಾಡ್ತೀನಿ.’

ಅವರು ಹೋದರು. ಕಾಕಾನನ್ನು ಎತ್ತಿ ಇಳಿಸಲು ಇನ್ನೂ ಜನ ಬೇಕಾಗುತ್ತದಲ್ಲ ಎಂದುಕೊಳ್ಳುತ್ತಿರುವಾಗಲೇ ಗೆಳೆಯರಿಬ್ಬರೂ ಹೋದರು. ಆ ಕಾರು ರೆಡಿಯಾಗಲೇ ಇಲ್ಲ.

ನನ್ನ ಗಂಡ ಕಾಕಾನ ತೋಳಿನ ಕೆಳಗೆ ಕೈ ಹಾಕಿ ಎತ್ತಲು ನೋಡಿದರು. ಕಾಕಾ ಒಂದು ಕಣ್ಣಿನಿಂದ ಅವರನ್ನು ನೋಡಿ, ಮೆಲ್ಲಗೆ ತಳ್ಳಿದರು.

‘ನೀ ಬರಬ್ಯಾಡೋ. ನಿನ್ನ ಬಾಯಾಗ ವಾಸನಿ ಐತಿ.’

ಕಾರು ನಾನು ಓಡಿಸಬಲ್ಲೆ. ಆದರೆ ಲಿಫ್ಟ್ ನಡೆಯುತ್ತಿರಲಿಲ್ಲ, ಏಳು ಮಹಡಿ ಇಳಿಸುವುದು ಹೇಗೆ? ನಾನು ಮೆಟ್ಟಿಲ ಬಳಿ ಬಂದರೆ ಹಾರಿಸ್ ಸದ್ದು ಕೇಳಿ ಏರಿ ಬರುತ್ತಿದ್ದ. ನಾನು ಅಡ್ಡ ನಿಂತೆ. ನೊರೆ ನನ್ನ ಕಾಲಿಗೆ ಮೆತ್ತಿತ್ತು. ಏನೋ ಹೇಳಲು ಬಾಯಿ ತೆರೆದೆ. ಅಡುಗೆಮನೆ ಎಂದೋ, ಕುಕ್ಕರ್ ಎಂದೋ.

‘ಮಾದಾಮ್, ಅನಾ ಆರಿಫ್’ ಎಂದ ಅವನು. ನನಗೆ ಗೊತ್ತು ಎಂದರ್ಥ. ಬಹಳ ದಿನದಿಂದ ಗೊತ್ತು ಎಂದು ಕೈಯಲ್ಲಿ ತೋರಿಸಿದ. ನನ್ನನ್ನು ದಾಟಿ ಒಳಗೆ ಹೋಗಿ, ಕಾಕಾನನ್ನು ಬೆನ್ನಿನ ಮೇಲೆ ಹಾಕಿಕೊಂಡ. ಕತ್ತಲೆಯ ಮೆಟ್ಟಿಲುಗಳನ್ನು ಅವನು ಇಳಿದ, ಹಿಂದೆ ನಾನು ಬೆಳಕು ಹಿಡಿದು, ಅದರ ಹಿಂದೆ ಕಾಕೂ. ದಾರಿಯಲ್ಲಿ ಅವನು ಏದುಸಿರಿನ ನಡುವೆ ಹೇಳಿದ್ದಿಷ್ಟು: ಕೆಳಮನೆಯವರು ಆಮೇಲೂ ಕೇಳಿದ್ದರು, ಅದು ಹಿಂದಿಗಳ, ಅಂದರೆ ಭಾರತದವರ, ದೋಸೆ ಎಂದು ತಾನೇ ಸಮಾಧಾನ ಹೇಳಿ ಕಳಿಸಿದ್ದ.

ಯಾರ ಮೂಗಿಗೆ ಹೆದರಿ ಕಾಕಾ ಆ ದಾರಿಯನ್ನು ಬಿಗಿದಿದ್ದರೋ ಅವನ ಬೆನ್ನ ಮೇಲೆಯೇ ಅವರು ಇಳಿಯುತ್ತಿದ್ದರು. ಇದು ನೆನಪಾದಾಗಲೆಲ್ಲ ನನಗೆ ಅಳು ಬರುವುದಿಲ್ಲ, ಹಲ್ಲು ಕಚ್ಚಿಕೊಳ್ಳುವಂತಾಗುತ್ತದೆ. ಒಂದು ಮಾತು ಅವನೊಂದಿಗೆ ಆಡಿದ್ದರೆ ಸಾಕಿತ್ತು. ಆದರೆ ನಾವು ಕಾವಲುಗಾರರಿಗೆ ದೋಸೆ ಕೊಡುತ್ತೇವೆ, ಮಾತು ಕೊಡುವುದಿಲ್ಲ.

ಕಾರು ನಾನೇ ಓಡಿಸಿದೆ. ಆಸ್ಪತ್ರೆಯಲ್ಲಿ ಕಾಕಾ ಕುಕ್ಕರ್ ಸಿಡಿಯಿತು ಎಂದರು. ವರ್ಷಗಟ್ಟಲೆ ಜನರ ಕುಕ್ಕರ್ ಸಿಡಿಯದಂತೆ ನೋಡಿಕೊಂಡವರಿಗೆ ಬೇರೆ ಸುಳ್ಳು ಹೊಳೆಯಲಿಲ್ಲ. ಗಾಯ ತೊಳೆಯುತ್ತಿದ್ದ ನರ್ಸ್ ಅಂಗಿಯನ್ನು ಮೂಸಿ ಡಾಕ್ಟರ ಮುಖ ನೋಡಿದಳು. ನನ್ನನ್ನು ಹೊರಗೆ ಕಳಿಸಿದರು. ಸಂಜೆ ಪೊಲೀಸರು ಬಂದರು. ನಾನು ಎದುರುಮನೆಯವಳು, ಸದ್ದು ಕೇಳಿ ಸಹಾಯಕ್ಕೆ ಬಂದವಳು ಎಂದು ಕಾಕಾನೇ ಅವರಿಗೆ ಹೇಳಿದರಂತೆ. ನನ್ನನ್ನು ಮನೆಗೆ ಬಿಟ್ಟರು.

ಅಷ್ಟರಲ್ಲಿ ನನ್ನ ಗಂಡ ಫಿನಾಯಿಲ್ ಹಾಕಿ ಕಾಕಾನ ಮನೆಯ ನೆಲ ತೊಳೆದಿದ್ದರು, ಆಲಿವ್ ಡ್ರಮ್ಮಿನ ಗಾಳಿ ಬಿಟ್ಟು ಬಚ್ಚಲಿಗೆ ಬರಿದು ಮಾಡಿದ್ದರು. ಲೋಟಗಳನ್ನು ತೊಳೆದು ಕಪಾಟಿಗೆ ಸೇರಿಸಿದ್ದರು. ಅದರಿಂದ ಪ್ರಯೋಜನವೇನೂ ಆಗಲಿಲ್ಲ. ಪೊಲೀಸರು ಬಂದು ಬ್ಯಾರೆಲ್ಲಿನ ಚೂರುಗಳನ್ನೂ ಡ್ರಮ್ಮನ್ನೂ ಒಯ್ದರು. ಅವರು ಕಾಕಾನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: ಇಷ್ಟನ್ನು ಒಬ್ಬನೇ ಕುಡಿಯುತ್ತಿದ್ದೆಯಾ? ಯಾರ್ಯಾರು ಬರುತ್ತಿದ್ದರು?

ಆ ವಾರಗಳನ್ನು ಹೇಗೆ ಹೇಳಲಿ. ಇಕಾಮಾ, ಪಾಸ್‌ಪೋರ್ಟ್, ಮಗಳ ಶಾಲೆಯ ಕಾಗದಗಳನ್ನು ಒಂದು ಚೀಲದಲ್ಲಿ ಹಾಕಿ ಬಾಗಿಲ ಬಳಿ ಇಟ್ಟಿದ್ದೆವು. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತರೆ ಇಬ್ಬರೂ ಒಟ್ಟಿಗೇ ಎದ್ದು ಕೂರುತ್ತಿದ್ದೆವು. ನನ್ನ ಗಂಡ ತಮ್ಮ ಫೋನಿನಲ್ಲಿದ್ದ ಶುಕ್ರವಾರಗಳ ಚಿತ್ರಗಳನ್ನೆಲ್ಲ ಅಳಿಸಿದರು. ಎಲ್ಲರೂ ಅಳಿಸಿದರು. ಸಂಘದ ಗುಂಪಿನಿಂದ ಕಾಕಾನನ್ನು ತೆಗೆದ ಸೂಚನೆ ಒಂದು ಬೆಳಿಗ್ಗೆ ಬಂತು. ಅದರ ಕೆಳಗೆ ಯಾರೂ ಏನೂ ಬರೆಯಲಿಲ್ಲ, ತಕ್ಷಣ ಯಾರದೋ ಮಗುವಿನ ಹುಟ್ಟುಹಬ್ಬದ ಶುಭಾಶಯಗಳು ಶುರುವಾದವು. ಕಾಕೂ ಎದುರುಮನೆಯಲ್ಲಿ ಒಬ್ಬರೇ ಇದ್ದರು. ರಾತ್ರಿ ನಮ್ಮಲ್ಲಿಗೆ ಬನ್ನಿ ಎಂದರೆ, ‘ನಿಮಗ ತ್ರಾಸ ಆಗತದ’ ಎಂದು ಬರಲಿಲ್ಲ. ನಾನು ಎರಡನೆಯ ಸಲ ಕರೆಯಲಿಲ್ಲ. ಹಾರಿಸ್‌ನನ್ನು ಕಟ್ಟಡದ ಮಾಲೀಕ ಕೆಲಸದಿಂದ ತೆಗೆದ, ಗೊತ್ತಿದ್ದೂ ಹೇಳಲಿಲ್ಲವೆಂದು. ಜಹ್ರಾದ ಯಾವುದೋ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದಾನೆಂದು ಆಮೇಲೆ ಕೇಳಿದೆ.

ಕಾಕಾನ ಕಣ್ಣು ಉಳಿಯಲಿಲ್ಲ. ಆಸ್ಪತ್ರೆಯಿಂದ ಅವರನ್ನು ನೇರ ಬಂಧನಕ್ಕೆ ಒಯ್ದರು. ಎಷ್ಟು ಕೇಳಿದರೂ ಯಾರ ಹೆಸರನ್ನೂ ಹೇಳಲಿಲ್ಲ. ಅದಕ್ಕೇ ನಾನೂ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಆದರೆ ಅವರು ಹೇಳುವುದಿಲ್ಲ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಅವರ ಜೊತೆ ವರ್ಷಗಟ್ಟಲೆ ಉಂಡ ನಾವು, ಪ್ರತಿದಿನವೂ ಇವತ್ತು ಬಾಯಿಬಿಟ್ಟಿರಬಹುದು ಎಂದೇ ಎಣಿಸುತ್ತಿದ್ದೆವು.

ಗಡೀಪಾರಿನ ದಿನ ಕಾಕೂ ಅದೇ ವಿಮಾನಕ್ಕೆ ಟಿಕೆಟ್ ಮಾಡಿಸಿಕೊಂಡು ಹೋದರು. ಸಂಜೆ ಅವರ ಫೋನ್ ಬಂತು. ವಿಮಾನದ ಬಾಗಿಲ ಬಳಿ ಕೈಕೋಳ ಬಿಚ್ಚಿದರು, ಈಗ ಬಾಜೂಕೇ ಕೂತಿದ್ದಾರೆ ಎಂದರು. ಆಮೇಲೆ ಕಾಕಾ ಫೋನ್ ತೆಗೆದುಕೊಂಡರು. ನಾನು ಹೇಗಿದ್ದೀರಿ ಎಂದು ಕೇಳಬೇಕೆಂದಿದ್ದೆ.

‘ತಂಗಿ, ಇನ್ನ ನನ್ನ ಯಾರೂ ಏನೂ ಕೇಳೂದಿಲ್ಲ’ ಎಂದರು. ‘ಖಲಾಸ್. ಮಲಕೋರಿ.’

ವಿಮಾನ ಹೊರಡುವ ಹೊತ್ತಾಯಿತೆಂದು ಫೋನ್ ಇಟ್ಟರು. ನನ್ನ ಗಂಡನಿಗೆ ಹೇಳಿದೆ. ಅವರು ಬಾಗಿಲ ಬಳಿಯ ಚೀಲ ತೆಗೆದು, ಕಾಗದಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಇಟ್ಟರು. ನಾವು ಅನ್ನ ಸಾರು ಉಂಡೆವು. ಮಲಗಿದೆವು. ಲಿಫ್ಟ್ ಬಂದಿರಬೇಕು, ಹೋಗಿರಬೇಕು, ನನಗೆ ಕೇಳಿಸಲಿಲ್ಲ. ಎಚ್ಚರವಾದಾಗ ಪರದೆಯ ಸಂದಿಯಿಂದ ಬಿಸಿಲು ಹಾಸಿಗೆಗೆ ಬಂದಿತ್ತು. ಅವರು ಧಾರವಾಡಕ್ಕೆ ಮುಟ್ಟಿದರೋ ಇಲ್ಲವೋ ಎಂದು ಕೇಳುವುದು ನೆನಪಾದದ್ದು ಮಧ್ಯಾಹ್ನ.